ಸ್ಕಾಡಾ ಸ್ಕ್ರೀನಿನಲ್ಲಿ ಪೈಪಿನೊಳಗೆ ನೀರು ಹರಿಯುವ ಹಾಗೆ ತೋರಿಸೋದು ಹೇಗೆ?

ಜಾಕ್‌ವೆಲ್

ಎಲ್ಲರಿಗೂ ನಮಸ್ಕಾರ. ಒಂದು ಬಹುಗ್ರಾಮ ಕುಡಿಯುವ ನೀರಿನ ಯೋಜನೆಗೆ ಸ್ಕಾಡಾ (ಪಂಪು, ವಾಲ್ವುಗಳನ್ನು ದೂರದಿಂದಲೇ ಕಂಪ್ಯೂಟರ್ ಸ್ಕ್ರೀನಿನಲ್ಲಿ ನೋಡಿ ನಡೆಸುವ ವ್ಯವಸ್ಥೆ) ಮಾಡುತ್ತಿದ್ದೇನೆ. ನದಿ ದಡದ ಜಾಕ್‌ವೆಲ್‌ನಲ್ಲಿ (ನದಿ ನೀರು ಎತ್ತುವ ಬಾವಿ) ಮೂರು ಪಂಪು, ಅಲ್ಲಿಂದ ಶುದ್ಧೀಕರಣ ಘಟಕ, ಆರು ಫಿಲ್ಟರ್ ಬೆಡ್, ಆಮೇಲೆ ಊರೂರಿನ ಓವರ್‌ಹೆಡ್ ಟ್ಯಾಂಕು. ಸ್ಕ್ರೀನೆಲ್ಲ ಮುಗಿದಿದೆ. ಮೊನ್ನೆ ಡೆಮೊ ಕೊಟ್ಟಾಗ ಸಾಹೇಬರು ನೋಡಿ, "ಎಲ್ಲಾ ಚೆನ್ನಾಗಿದೆ, ಆದ್ರೆ ನೀರು ಓಡೋದೇ ಕಾಣ್ತಾ ಇಲ್ವಲ್ರೀ" ಅಂದರು.

ನನಗೆ ಗೊತ್ತಿರುವುದು ಹಳೇ ದಾರಿ. ಒಂದೇ ಪೈಪಿಗೆ ನಾಲ್ಕು ಚಿತ್ರ, ಪಿಎಲ್‌ಸಿಯಲ್ಲಿ (ಪಂಪು ನಡೆಸುವ ಕಂಟ್ರೋಲರ್) 0ಯಿಂದ 3ರವರೆಗೆ ಸುತ್ತುವ ಒಂದು ಕೌಂಟರ್, ಅದನ್ನು ನೋಡಿಕೊಂಡು ಒಂದೊಂದೇ ಚಿತ್ರ ಕಾಣಿಸೋದು, ಪಂಪು ಆನ್ ಆದರೆ ಕೌಂಟರ್ ಶುರು. ಮಾಡಿ ನೋಡಿದೆ. ಟ್ಯಾಗ್ (ಪಿಎಲ್‌ಸಿಯಿಂದ ಸ್ಕ್ರೀನಿಗೆ ಬರುವ ಬೆಲೆ) ಅಪ್‌ಡೇಟ್ 1 ಸೆಕೆಂಡಿಗೊಮ್ಮೆ, ಹಾಗಾಗಿ ನೀರು ಕುಂಟಿಕೊಂಡು ಹೋಗುತ್ತದೆ. 250 ಮಿಲಿಸೆಕೆಂಡ್ ಮಾಡೋಣ ಅಂದರೆ ಜಾಕ್‌ವೆಲ್‌ಗೆ ಇರುವುದು ರೇಡಿಯೋ ಲಿಂಕ್, ಅದು ಈಗಲೇ ಏದುಸಿರು ಬಿಡುತ್ತಿದೆ. ಸಾಫ್ಟ್‌ವೇರ್ ಬ್ರೌಸರ್‌ನಲ್ಲಿ ಓಡುವಂಥದ್ದು, ಎಸ್‌ವಿಜಿ (ಗೆರೆಗಳಿಂದ ಬರೆಯುವ ವೆಬ್ ಚಿತ್ರ) ಹಾಕಬಹುದು. ಬೇರೆ ದಾರಿ ಇದೆಯಾ?

ಎರಡನೇ ರಂಗ್

ಮೊದಲು ಆ ಕೌಂಟರ್ ಅನ್ನು ಪಿಎಲ್‌ಸಿಯಿಂದ ಕಿತ್ತು ಹಾಕಿ. ಚಿತ್ರ ಕುಣಿಸೋದು ಪಿಎಲ್‌ಸಿ ಕೆಲಸ ಅಲ್ಲ. ಸ್ಕ್ರೀನಿಗೆ ಬೇಕಾಗಿರುವುದು ಹರಿಯುತ್ತಿದೆಯೋ ಇಲ್ಲವೋ ಅನ್ನುವ ಒಂದು ಬಿಟ್ ಅಷ್ಟೇ, ಉಳಿದದ್ದನ್ನು ಬ್ರೌಸರ್ ನೋಡಿಕೊಳ್ಳುತ್ತದೆ.

ಪೈಪಿನ ಮೇಲೆ ಒಂದು ಎಸ್‌ವಿಜಿ ಪಾತ್ ಎಳೆಯಿರಿ. ನೀರು ಹೋಗುವ ದಿಕ್ಕಿನಲ್ಲೇ ಎಳೆಯಬೇಕು, ಇದು ಮುಖ್ಯ. ಸ್ಟ್ರೋಕ್-ಡ್ಯಾಶ್‌ಅರೇ 12 ಮತ್ತು 8 ಕೊಡಿ, ಅಂದರೆ 12 ಗೆರೆ, 8 ಖಾಲಿ. ಆಮೇಲೆ ಸಿಎಸ್‌ಎಸ್ ಕೀಫ್ರೇಮ್‌ನಲ್ಲಿ (ಬ್ರೌಸರಿನ ಆ್ಯನಿಮೇಷನ್ ಸೂತ್ರ) ಸ್ಟ್ರೋಕ್-ಡ್ಯಾಶ್‌ಆಫ್‌ಸೆಟ್ (ಗೆರೆ ಶುರುವಾಗುವ ಜಾಗ) 0ಯಿಂದ ಮೈನಸ್ 20ಕ್ಕೆ ಹೋಗಲಿ, ಟೈಮಿಂಗ್ ಲೀನಿಯರ್, ಇನ್ಫಿನಿಟ್. ಈ 20 ಯಾಕೆ ಅಂದರೆ 12 ಕೂಡಿಸು 8. 20ರ ಮಗ್ಗಿಯಲ್ಲಿಲ್ಲದ ಸಂಖ್ಯೆ ಹಾಕಿದರೆ ಪ್ರತಿ ಸುತ್ತಿಗೂ ಗೆರೆ ಒಂದು ಸಲ ಎಗರುತ್ತದೆ. ನಿಲ್ಲಿಸಲು ಆ್ಯನಿಮೇಷನ್-ಪ್ಲೇ-ಸ್ಟೇಟ್ ಅನ್ನು ಪಾಸ್ಡ್ ಮಾಡಬೇಡಿ, ಪಾತ್ ಅನ್ನೇ ಮರೆ ಮಾಡಿ. ಇಲ್ಲದಿದ್ದರೆ ನಿಂತ ಗೆರೆ ನೋಡಿ ಸ್ಕ್ರೀನ್ ಹ್ಯಾಂಗ್ ಆಯ್ತು ಅಂದುಕೊಳ್ಳುತ್ತಾರೆ.

ಹರಿವು ಜಾಸ್ತಿಯಾದರೆ ವೇಗವೂ ಜಾಸ್ತಿಯಾಗಲಿ ಅಂತ ಮುಂದೆ ಕೇಳೇ ಕೇಳುತ್ತಾರೆ. ಒಪ್ಪಬೇಡಿ. ಓಡುತ್ತಿರುವಾಗ ಡ್ಯುರೇಷನ್ ಬದಲಿಸಿದರೆ ಗೆರೆ ನೆಗೆಯುತ್ತದೆ. ಜೊತೆಗೆ ಗೆರೆಯ ಓಟ ನೋಡಿ ಇದು 340, ಇದು 410 ಅಂತ ಯಾರಿಗೂ ಹೇಳಲಾಗುವುದಿಲ್ಲ. ಪಕ್ಕದಲ್ಲಿ ಅಂಕಿ ಇದೆಯಲ್ಲ, ಸಾಕು.

ಇನ್ನೊಂದು, ಡ್ಯಾಶ್‌ಆಫ್‌ಸೆಟ್ ಬದಲಾದಾಗಲೆಲ್ಲ ಬ್ರೌಸರ್ ಆ ಜಾಗವನ್ನು ಹೊಸದಾಗಿ ಬಳಿಯಬೇಕು. ನಾಲ್ಕೈದು ಪೈಪಿಗೆ ತೊಂದರೆ ಇಲ್ಲ. ಒಂದೇ ಸ್ಕ್ರೀನಿನಲ್ಲಿ ಐವತ್ತು ಓಡಿಸಿದರೆ ಸಣ್ಣ ಪ್ಯಾನೆಲ್ ಪಿಸಿ ಬಿಸಿಯಾಗುತ್ತದೆ.

ನೈಟ್‌ಶಿಫ್ಟ್

ಮೇಲಿನವರು ಹೇಗೆ ಅಂತ ಹೇಳಿದರು. ಆದರೆ ಆ ಒಂದು ಬಿಟ್ ಎಲ್ಲಿಂದ ಬರುತ್ತದೆ ಅನ್ನೋದೇ ನಿಜವಾದ ತಲೆನೋವು.

"ಪಂಪು ಆನ್ ಆದರೆ ಕೌಂಟರ್ ಶುರು" ಅಂದಿದ್ದೀರಿ. ಆನ್ ಅಂದರೆ ಯಾವುದು? ನೀವು ಕೊಟ್ಟ ಕಮಾಂಡಾ, ಇಲ್ಲ ಕಾಂಟ್ಯಾಕ್ಟರ್‌ನಿಂದ (ಮೋಟಾರಿಗೆ ಕರೆಂಟು ಕೊಡುವ ಸ್ವಿಚ್) ವಾಪಸ್ ಬರುವ ಫೀಡ್‌ಬ್ಯಾಕಾ? ಫೀಡ್‌ಬ್ಯಾಕೇ ಆದರೂ ಅದು ಹೇಳುವುದು ಕಾಂಟ್ಯಾಕ್ಟರ್ ಎಳೆದುಕೊಂಡಿದೆ ಅಂತ ಮಾತ್ರ. ಡೆಲಿವರಿ ವಾಲ್ವು ಮುಚ್ಚಿರಬಹುದು, ಕಪ್ಲಿಂಗ್ ಮುರಿದು ಮೋಟಾರು ಸುಮ್ನೆ ತಿರುಗುತ್ತಿರಬಹುದು, ನದಿಯಲ್ಲಿ ನೀರು ಇಳಿದು ಪಂಪು ಗಾಳಿ ಎಳೆಯುತ್ತಿರಬಹುದು. ಸ್ಕ್ರೀನಿನಲ್ಲಿ ಮಾತ್ರ ನೀಲಿ ಗೆರೆ ಜುಳುಜುಳು ಹರಿಯುತ್ತಲೇ ಇರುತ್ತದೆ. ರಾತ್ರಿ ಮೂರು ಗಂಟೆಗೆ ಕೂತಿರುವವನು ಅಂಕಿ ನೋಡುವುದಿಲ್ಲ ಸ್ವಾಮಿ, ಹರಿಯುವ ಗೆರೆ ನಂಬುತ್ತಾನೆ.

ಇದು ಕತೆಯಲ್ಲ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣು ಸ್ಥಾವರದಲ್ಲಿ ಒತ್ತಡ ಇಳಿಸುವ ರಿಲೀಫ್ ವಾಲ್ವು ತೆರೆದೇ ಸಿಕ್ಕಿಕೊಂಡಿತ್ತು. ಕಂಟ್ರೋಲ್ ರೂಮಿನ ದೀಪ ಆರಿತ್ತು. ಆ ದೀಪ ತೋರಿಸುತ್ತಿದ್ದದ್ದು ಸೊಲೆನಾಯ್ಡ್‌ಗೆ (ವಾಲ್ವು ತೆರೆಸುವ ವಿದ್ಯುತ್ ಸುರುಳಿ) ಕರೆಂಟು ಹೋಗುತ್ತಿದೆಯೋ ಇಲ್ಲವೋ ಅನ್ನುವುದನ್ನು, ವಾಲ್ವು ನಿಜಕ್ಕೂ ಎಲ್ಲಿದೆ ಅನ್ನುವುದನ್ನಲ್ಲ. ದೀಪ ಆರಿದೆ ಅಂದರೆ ವಾಲ್ವು ಮುಚ್ಚಿದೆ ಅಂತ ಎಲ್ಲರೂ ಅಂದುಕೊಂಡರು. ಎರಡು ಗಂಟೆಗೂ ಜಾಸ್ತಿ ಹೊತ್ತು ರಿಯಾಕ್ಟರಿನ ಕೂಲಂಟ್ (ತಂಪು ಮಾಡುವ ನೀರು) ಹೊರಗೆ ಹೋಗುತ್ತಲೇ ಇತ್ತು, ರಿಯಾಕ್ಟರಿನ ಒಡಲೊಳಗಿನ ಇಂಧನ ಅರ್ಧದಷ್ಟು ಕರಗಿತು.

ಹಾಗಾಗಿ ಗೆರೆ ಹರಿಯಬೇಕಾದರೆ ಫ್ಲೋ ಮೀಟರಿನಿಂದ ಹರಿಯಲಿ. ಮೀಟರಿನ ರೇಂಜಿನ 3 ಪರ್ಸೆಂಟ್ ಮೇಲೆ ಹೋದರೆ ಶುರು, 2ಕ್ಕಿಂತ ಕೆಳಗೆ ಬಂದರೆ ಬಂದ್, ನಡುವೆ ಐದು ಸೆಕೆಂಡ್ ಡಿಲೇ ಇಡಿ. ಇಲ್ಲದಿದ್ದರೆ ಅಂಚಿನಲ್ಲಿ ಮಿಣಮಿಣ ಅನ್ನುತ್ತದೆ. ಎಲೆಕ್ಟ್ರೋಮ್ಯಾಗ್ನೆಟಿಕ್ ಮೀಟರ್ ಆಗಿದ್ದರೆ ಖಾಲಿ ಪೈಪಿನಲ್ಲಿ ಏನೇನೋ ರೀಡಿಂಗ್ ಕೊಡುತ್ತದೆ, ಎಂಪ್ಟಿ ಪೈಪ್ ಡಿಟೆಕ್ಷನ್ ಆನ್ ಮಾಡಿಸಿ. ಲಿಂಕ್ ಕಡಿದಾಗ ಏನಾಗುತ್ತದೆ ಅಂತಲೂ ನೋಡಿಕೊಳ್ಳಿ. ಟ್ಯಾಗ್ ಕ್ವಾಲಿಟಿ ಬ್ಯಾಡ್ (ಬಂದ ಬೆಲೆ ನಂಬುವಂತಿಲ್ಲ ಅನ್ನುವ ಗುರುತು) ಆದರೆ ಗೆರೆ ನಿಂತು ಪೈಪು ಬೇರೆ ಬಣ್ಣಕ್ಕೆ ಬರಬೇಕು. ಕೊನೆಯ ಬೆಲೆ ಹಿಡಿದುಕೊಂಡು ಹರಿಯುತ್ತಾ ಕೂರಬಾರದು.

ಬೂದಿ ಬಣ್ಣ

ನಾನಾದರೆ ಹಾಕುವುದೇ ಇಲ್ಲ. ಕಂಟ್ರೋಲ್ ಸ್ಕ್ರೀನುಗಳ ವಿನ್ಯಾಸಕ್ಕೆ ಐಎಸ್‌ಎ-101 ಸ್ಟ್ಯಾಂಡರ್ಡ್ 2015ರಲ್ಲೇ ಬಂದಿದೆ, ಬೂದಿ ಹಿನ್ನೆಲೆ, ಕಡಿಮೆ ಬಣ್ಣ ಅಂತ ಎಲ್ಲರೂ ಮಾತಾಡುತ್ತಾರೆ, ಡೆಮೊ ದಿನ ಮತ್ತೆ ಅದೇ ಥ್ರೀಡಿ ಪೈಪು, ತಿರುಗುವ ಫ್ಯಾನು. ಕಣ್ಣು ಅಲುಗಾಡುವ ಕಡೆಗೇ ಹೋಗುತ್ತದೆ ಅಲ್ವಾ. ಅದನ್ನು ಅಕ್‌ನಾಲೆಜ್ ಆಗದ (ಆಪರೇಟರ್ ನೋಡಿದೆ ಅಂತ ಇನ್ನೂ ಒತ್ತದ) ಅಲಾರಂಗೆ ಉಳಿಸಿಕೊಳ್ಳಿ. ಎಲ್ಲ ಪೈಪೂ ಓಡುತ್ತಿದ್ದರೆ ಮಿಣುಕುವ ಅಲಾರಂ ಆ ಜಾತ್ರೆಯಲ್ಲಿ ಕಳೆದುಹೋಗುತ್ತದೆ.

ಸಾಹೇಬರಿಗೆ ಬೇಕೇ ಬೇಕು ಅಂದರೆ ವಿಸಿಟರ್ ಸ್ಕ್ರೀನ್ ಅಂತ ಒಂದು ಬೇರೆ ಮಾಡಿ, ಗೋಡೆಯ ದೊಡ್ಡ ಟಿವಿಗೆ ಹಾಕಿ. ಆಪರೇಟರ್ ಸ್ಕ್ರೀನಿನಲ್ಲಿ ಒಳಹರಿವು, ಹೊರಹರಿವು, ಟ್ಯಾಂಕ್ ಲೆವೆಲ್, ಮೂರನ್ನೂ ಒಂದೇ ಕಡೆ ಟ್ರೆಂಡ್ ಸಮೇತ ಕೊಡಿ. 2005ರ ಟೆಕ್ಸಸ್ ಸಿಟಿ ರಿಫೈನರಿ ಸ್ಫೋಟದಲ್ಲಿ 15 ಜನ ಸತ್ತರು. ಅಲ್ಲಿ ಟವರಿಗೆ ಒಳಗೆ ಹೋಗುವುದು ಒಂದು ಸ್ಕ್ರೀನು, ಹೊರಗೆ ಬರುವುದು ಇನ್ನೊಂದು ಸ್ಕ್ರೀನು, ಹಾಗಾಗಿ ಟವರು ತುಂಬಿ ಹೋಗುತ್ತಿರುವುದು ಕಣ್ಣಿಗೆ ಬೀಳಲಿಲ್ಲ.

ಜಾಕ್‌ವೆಲ್

ಎಲ್ಲರಿಗೂ ಥ್ಯಾಂಕ್ಸ್. ಡ್ಯಾಶ್ ದಾರಿ ಕೆಲಸ ಮಾಡಿತು, ನೀಟಾಗಿ ಓಡುತ್ತಿದೆ. ವಿಸಿಟರ್ ಸ್ಕ್ರೀನ್ ಐಡಿಯಾ ಸಾಹೇಬರಿಗೂ ಹಿಡಿಸಿತು. ಒಂದೇ ಉಳಿದಿದೆ. ಫಿಲ್ಟರ್ ಬೆಡ್‌ಗಳಿಗೆ ಒಂದೊಂದಕ್ಕೂ ಫ್ಲೋ ಮೀಟರ್ ಇಲ್ಲ. ಬ್ಯಾಕ್‌ವಾಶ್ (ಬೆಡ್ ತೊಳೆಯಲು ನೀರನ್ನು ಕೆಳಗಿನಿಂದ ಮೇಲಕ್ಕೆ ಬಿಡೋದು) ಮಾಡುವಾಗ ತಳದ ಪೈಪಿನಲ್ಲಿ ನೀರು ಉಲ್ಟಾ ಬರುತ್ತದೆ, ಅದನ್ನು ಹೇಗೆ ತೋರಿಸಲಿ?

ನೈಟ್‌ಶಿಫ್ಟ್

ಮೀಟರ್ ಇಲ್ಲದ ಕಡೆ ಗೆರೆ ಓಡಿಸಬೇಡಿ, ವಿಸಿಟರ್ ಸ್ಕ್ರೀನಿನಲ್ಲೂ ಬೇಡ. ವಾಲ್ವಿನ ಲಿಮಿಟ್ ಸ್ವಿಚ್ (ವಾಲ್ವು ಪೂರ್ತಿ ತೆರೆದಿದೆಯೋ ಮುಚ್ಚಿದೆಯೋ ಹೇಳುವ ಸ್ವಿಚ್) ನೋಡಿ ಪೈಪಿಗೆ ಬಣ್ಣ ತುಂಬಿ, ಜೊತೆಗೆ ನಿಂತ ಒಂದು ಬಾಣ. ಫಿಲ್ಟರ್ ಔಟ್‌ಲೆಟ್ ಪೂರ್ತಿ ತೆರೆದು ವಾಶ್ ವಾಟರ್ ವಾಲ್ವು ಪೂರ್ತಿ ಮುಚ್ಚಿದ್ದರೆ ಬಾಣ ಕೆಳಗೆ, ಅದರ ಉಲ್ಟಾ ಆದರೆ ಮೇಲೆ. ಎರಡೂ ತೆರೆದಿದ್ದರೆ, ಇಲ್ಲ ಯಾವುದಾದರೂ ಅರ್ಧಕ್ಕೆ ನಿಂತಿದ್ದರೆ ಬಾಣ ಬೇಡ, ಅಲಾರಂ ಕೊಡಿ. ವಾಶ್ ವಾಟರ್ ಟ್ಯಾಂಕಿಗೆ ಲೆವೆಲ್ ಟ್ರಾನ್ಸ್‌ಮಿಟರ್ ಇದೆಯಾ? ಇದ್ದರೆ ಬ್ಯಾಕ್‌ವಾಶ್ ಹೊತ್ತಿಗೆ ಆ ಲೆವೆಲ್ ಇಳಿಯುತ್ತಿದೆಯೇ ಅಂತ ನೋಡುವ ಒಂದು ಚೆಕ್ ಹಾಕಿ. ಬಾಣ ಮೇಲೆ ತೋರಿಸುತ್ತಿದ್ದೂ ಲೆವೆಲ್ ಇಳಿಯದಿದ್ದರೆ ಯಾವುದೋ ಲಿಮಿಟ್ ಸ್ವಿಚ್ ಸಡಿಲವಾಗಿರಬಹುದು.