ತೋಟದ ಮೋಟರ್ ಬೆಂಗಳೂರಿನಿಂದ ಆನ್ ಮಾಡೋದು ಹೇಗೆ? ಮಾಡಿದವರು ಹೇಳಿ

ಬಸವನಗುಡಿಯಿಂದ ಪ್ರಶ್ನೆ:
ತೋಟ ಕನಕಪುರದ ಹತ್ತಿರ. ಬೋರ್‌ವೆಲ್ ಮೋಟರಿನ ಸ್ಟಾರ್ಟರ್‌ಗೆ ಇಎಸ್‌ಪಿ32 ಬೋರ್ಡ್ (ವೈಫೈ ಇರೋ ಪುಟ್ಟ ಕಂಟ್ರೋಲ್ ಬೋರ್ಡ್) ಜೋಡಿಸಿದ್ದೇನೆ. ಅಲ್ಲಿ 4ಜಿ ಸಿಮ್ ರೂಟರ್ ಇದೆ. ತೋಟದಲ್ಲಿ ನಿಂತು ಮೊಬೈಲಿನಲ್ಲಿ ಒತ್ತಿದರೆ ಮೋಟರ್ ಓಡುತ್ತದೆ. ಬೆಂಗಳೂರಿಗೆ ಬಂದರೆ ಸಿಗೋದೇ ಇಲ್ಲ. ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬಂದ ಕರೆಯನ್ನು ರೂಟರ್ ಬೋರ್ಡಿಗೆ ದಾಟಿಸೋ ಸೆಟ್ಟಿಂಗ್) ಕೂಡ ಮಾಡಿ ಆಯ್ತು.

ವಿಜಯನಗರದಿಂದ:
ಸರ್, ಮೊದಲು ರೂಟರಿನ ಸೆಟ್ಟಿಂಗ್ಸ್‌ನಲ್ಲಿ ವ್ಯಾನ್ ಐಪಿ (ಸಿಮ್ ಕಂಪನಿ ರೂಟರಿಗೆ ಕೊಟ್ಟ ವಿಳಾಸ) ನೋಡಿ. ಅದರಲ್ಲಿ ಮೊದಲ ಚುಕ್ಕೆಗೆ ಮುಂಚೆ ಬರೀ 10 ಇದ್ದರೆ, ಅಥವಾ 100.64ರಿಂದ 100.127ರ ಒಳಗಿದ್ದರೆ, ನಿಮಗೆ ಸ್ವಂತ ಪಬ್ಲಿಕ್ ಐಪಿ (ಇಂಟರ್ನೆಟ್‌ನಲ್ಲಿ ಎಲ್ಲಿಂದಲಾದರೂ ತಲುಪೋ ವಿಳಾಸ) ಇಲ್ಲ ಅಂತ ಅರ್ಥ. ಒಂದೇ ಪಬ್ಲಿಕ್ ಐಪಿಯ ಹಿಂದೆ ಎಷ್ಟೋ ಸಿಮ್‌ಗಳಿರುತ್ತವೆ. ನಿಮ್ಮ ರೂಟರಿನ ವಿಳಾಸಕ್ಕೆ ಹೊರಗಿನಿಂದ ದಾರಿ ಇರಲ್ಲ, ಪೋರ್ಟ್ ಫಾರ್ವರ್ಡಿಂಗ್ ಸುಮ್ನೆ ದಂಡ. ತೋಟದ ಬೋರ್ಡೇ ಹೊರಗೆ ಬಂದು ಕೇಳಬೇಕು.

ನಾನು ಬಾಡಿಗೆ ಸರ್ವರ್ ಒಂದರಲ್ಲಿ ಮಸ್ಕಿಟೋ ಬ್ರೋಕರ್ (ಮೆಸೇಜ್ ಪಡೆದು ಹಂಚೋ ಸಾಫ್ಟ್‌ವೇರ್) ಹಾಕಿ ಎಂಕ್ಯೂಟಿಟಿ (ಸಾಧನಗಳು ಪುಟ್ಟ ಮೆಸೇಜ್ ಕಳಿಸಿಕೊಳ್ಳೋ ವಿಧಾನ) ಬಳಸುತ್ತೇನೆ; ಬೋರ್ಡ್, ಮೊಬೈಲ್ ಎರಡೂ ಆ ಬ್ರೋಕರಿಗೆ ಸೇರುತ್ತವೆ. 1999ರಲ್ಲಿ ಎಣ್ಣೆ ಪೈಪ್‌ಲೈನ್‌ಗಳನ್ನು ಉಪಗ್ರಹದ ಮೂಲಕ ನೋಡಿಕೊಳ್ಳೋಕೆ ಅಂತ ಹುಟ್ಟಿದ್ದು ಈ ಎಂಕ್ಯೂಟಿಟಿ. ಡೇಟಾ ತೀರಾ ಕಡಿಮೆ ಸಾಕು, ತೋಟದ ಸಿಗ್ನಲ್ಲಿಗೂ ನಡೆಯುತ್ತದೆ. 8883 ಪೋರ್ಟಿನಲ್ಲಿ ಟಿಎಲ್‌ಎಸ್ (ಮೆಸೇಜನ್ನು ಗುಪ್ತಲಿಪಿ ಮಾಡೋ ರಕ್ಷಣೆ) ಇಟ್ಟು, ಪಾಸ್‌ವರ್ಡ್ ಹಾಕಿ. ಆ ರಕ್ಷಣೆ ಇಲ್ಲದ 1883 ಪೋರ್ಟನ್ನು ಪಾಸ್‌ವರ್ಡ್ ಇಲ್ಲದೆ ತೆರೆದಿಟ್ಟರೆ ದಾರಿಹೋಕರೂ ನಿಮ್ಮ ಮೋಟರ್ ಓಡಿಸಬಹುದು!

ಒಂದು ಮಾತು ಮಾತ್ರ ಮರೆಯಬೇಡಿ. ಆನ್ ಮಾಡೋ ಮೆಸೇಜಿಗೆ ರಿಟೇನ್ ಹಾಕಬೇಡಿ. ಹಾಕಿದರೆ ಬ್ರೋಕರ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ರಾತ್ರಿ ಎರಡು ಗಂಟೆಗೆ ಕರೆಂಟ್ ಬರುತ್ತದೆ, ಬೋರ್ಡ್ ಎದ್ದು ಬ್ರೋಕರಿಗೆ ಸೇರುತ್ತದೆ, ಹಳೇ ಆನ್ ಕೈಗೆ ಸಿಗುತ್ತದೆ, ಮೋಟರ್ ಶುರು. ನೀವು ಇಲ್ಲಿ ನಿದ್ದೆಯಲ್ಲಿರುತ್ತೀರಿ. ರಿಟೇನ್ ಏನಿದ್ದರೂ ಮೋಟರಿನ ಸ್ಥಿತಿ ತಿಳಿಸೋ ಟಾಪಿಕ್‌ಗೆ (ಮೆಸೇಜ್ ಹೋಗೋ ಹೆಸರಿಗೆ) ಇರಲಿ. ಅಲ್ಲೇ ಲಾಸ್ಟ್ ವಿಲ್ ಕೂಡ ಕೊಡಿ, ಲೈನ್ ಕಡಿದುಹೋದರೆ 'ಆಫ್‌ಲೈನ್' ಅಂತ ತಾನೇ ಬರುತ್ತದೆ. ಇಷ್ಟು ನಿಮಿಷ ಓಡಿ ನಿಲ್ಲು ಅನ್ನೋ ಲೆಕ್ಕ ಬೋರ್ಡಿನ ಒಳಗೇ ಇರಬೇಕು. ಆಫ್ ಮೆಸೇಜ್ ತಲುಪದಿದ್ದರೆ ಏನು ಗತಿ ಹೇಳಿ?

ಪೀಣ್ಯದಿಂದ:
ನೆಟ್‌ವರ್ಕ್ ಸರಿ. ವೈರಿಂಗ್ ಹೇಗೆ ಮಾಡಿದ್ದೀರಿ? ಮೂರು ಫೇಸ್ ಡಿಒಎಲ್ ಸ್ಟಾರ್ಟರಿನ (ಮೋಟರಿಗೆ ನೇರ ಲೈನ್ ಕೊಡೋದು) ಕಾಯಿಲ್ ಬಹಳ ಕಡೆ 415 ವೋಲ್ಟಿನದು. ಎಸ್‌ಪಿ ರೋಡಿನಲ್ಲಿ ಸಿಗೋ ನೀಲಿ ರಿಲೇ (ಬೋರ್ಡ್ ಹೇಳಿದಂತೆ ಆನ್-ಆಫ್ ಆಗೋ ಸ್ವಿಚ್) ಮೇಲೆ 250 ವೋಲ್ಟ್ ಅಂತ ಬರೆದಿರುತ್ತದೆ, ಓದಿ ನೋಡಿ. ನಡುವೆ ಆ ವೋಲ್ಟೇಜ್ ತಾಳೋ ಕಾಂಟ್ಯಾಕ್ಟರ್ (ದೊಡ್ಡ ರಿಲೇ) ಬೇಕು, ಅದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ. ಆನ್ ಮಾಡೋ ವೈರ್ ಹಸಿರು ಬಟನ್‌ಗೆ ಪ್ಯಾರಲಲ್, ಆಫ್ ಮಾಡೋದು ಕೆಂಪಿಗೆ ಸೀರೀಸ್. ಡ್ರೈ ರನ್ (ನೀರಿಲ್ಲದೆ ಓಡೋದು), ಓವರ್‌ಲೋಡ್ ಎರಡರ ರಕ್ಷಣೆಯೂ ಪ್ಯಾನೆಲ್ಲಿನಲ್ಲೇ ಇರಲಿ, ಇಂಟರ್ನೆಟ್ ನಂಬಿಕೊಂಡು ಬಿಡಬೇಡಿ.

ಎಚ್‌ಎಸ್‌ಆರ್‌ನಿಂದ:
ಮುಂದೆ ಕ್ಯಾಮೆರಾನೂ ಬೇಕು ಅನ್ನಿಸಿದರೆ ರಾಸ್ಪ್‌ಬೆರಿ ಪೈ (ಅಂಗೈ ಅಗಲದ ಕಂಪ್ಯೂಟರ್) ಇಟ್ಟು, ಅದೇ ಬಾಡಿಗೆ ಸರ್ವರಿಗೆ ವೈರ್‌ಗಾರ್ಡ್ (ಇಂಟರ್ನೆಟ್ ಮೇಲೆ ಖಾಸಗಿ ಸುರಂಗ ಮಾಡೋ ವಿಪಿಎನ್) ಎಳೆಯಿರಿ. ಪೈ ಕಡೆ ಪರ್ಸಿಸ್ಟೆಂಟ್ ಕೀಪ್ ಅಲೈವ್ (ಆಗಾಗ ಪುಟ್ಟ ಸಂದೇಶ ಕಳಿಸಿ ದಾರಿ ತೆರೆದಿಡೋ ಸೆಟ್ಟಿಂಗ್) 25 ಸೆಕೆಂಡ್ ಕೊಡಿ. ಇಲ್ಲದಿದ್ದರೆ ಸ್ವಲ್ಪ ಹೊತ್ತು ಸುಮ್ಮನಿದ್ದರೂ ಸಿಮ್ ಕಡೆಯ ನ್ಯಾಟ್ (ಒಂದೇ ಪಬ್ಲಿಕ್ ಐಪಿಯನ್ನು ಹಲವು ಸಿಮ್‌ಗಳಿಗೆ ಹಂಚೋ ವ್ಯವಸ್ಥೆ) ದಾರಿ ಮುಚ್ಚಿಬಿಡುತ್ತದೆ, ಆಮೇಲೆ ನೀವು ಇಲ್ಲಿಂದ ಎಷ್ಟು ತಟ್ಟಿದರೂ ತೆರೆಯಲ್ಲ.