ಮಧ್ಯಾಹ್ನದ ಓದು, ಹದಿಮೂರು ರೂಪಾಯಿಯ ಬಾಕಿ

ದಾವಣಗೆರೆಯ ಬೇಸಿಗೆಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಂಡಿಪೇಟೆಯ ಜವಳಿ ಅಂಗಡಿಗೆ ಗಿರಾಕಿಗಳು ಬರುವುದಿಲ್ಲ, ನಾವು ಬರುತ್ತೇವೆ. ಅಂದು ಮಂಡಕ್ಕಿ-ಮಿರ್ಚಿಯ ಪೊಟ್ಟಣ ಬಿಚ್ಚುವ ಹೊತ್ತಿಗೆ ಸಾಹುಕಾರರು ಗಾದಿಗೆ ಒರಗಿ ಕಣ್ಣು ಮುಚ್ಚಿದ್ದರು. ಇತಿಹಾಸ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರಿಗೆ ಅದು ಸಹನೆಯಾಗಲಿಲ್ಲ.

“1896ರ ಚಳಿಗಾಲದಲ್ಲಿ, ಬೆಂಗಳೂರಿನ ದಂಡಿನ ಅಧಿಕಾರಿಗಳೆಲ್ಲ ಇದೇ ಹೊತ್ತಿಗೆ ಗೊರಕೆ ಹೊಡೆಯುತ್ತಿದ್ದಾಗ, ಇಪ್ಪತ್ತೆರಡು ತುಂಬುತ್ತಿದ್ದ ವಿನ್‌ಸ್ಟನ್ ಚರ್ಚಿಲ್ ತಾಯಿಯಿಂದ ಪುಸ್ತಕ ತರಿಸಿಕೊಂಡು, ಗಿಬ್ಬನ್ ಬರೆದ ರೋಮ್ ಸಾಮ್ರಾಜ್ಯದ ಅವನತಿಯ ಚರಿತ್ರೆಯನ್ನು ಅಂಚಿನಲ್ಲಿ ಟಿಪ್ಪಣಿ ಗೀಚುತ್ತಾ ಓದುತ್ತಿದ್ದ. ದಿನಕ್ಕೆ ಮೆಕಾಲೆಯ 50 ಪುಟ, ಗಿಬ್ಬನ್‌ನ 25 ಪುಟ!”

“ಒಂದು ಸಾಮ್ರಾಜ್ಯ ಹೇಗೆ ಬಿತ್ತು ಎಂಬುದನ್ನು ಅಷ್ಟು ಶ್ರದ್ಧೆಯಿಂದ ಓದಿದವನಿಗೆ ತನ್ನದು ಬೀಳುತ್ತಿರುವುದು ಮಾತ್ರ ಕಡೆಯವರೆಗೂ ಕಾಣಲಿಲ್ಲವಲ್ಲ,” ಎಂದು ವಕೀಲರು ಮಿರ್ಚಿಯ ತೊಟ್ಟನ್ನು ಪಕ್ಕಕ್ಕಿಟ್ಟರು. 1943ರ ಬಂಗಾಳದ ಬರಗಾಲದ ವಿಚಾರದಲ್ಲಿ ಅವರು ಚರ್ಚಿಲ್‌ನನ್ನು ಎಂದೂ ಕ್ಷಮಿಸಿದವರಲ್ಲ. ಈ ಒಂದು ವಿಷಯದಲ್ಲಿ ನಾನೂ ಅವರ ಪಕ್ಷದವನೇ.

ಮೇಷ್ಟ್ರು ಸೋಲಲಿಲ್ಲ. ಸಂಜೆ ಐದಕ್ಕೆ ಪೋಲೋ, ಅಂಗಳದಲ್ಲಿ ಗುಲಾಬಿ ತೋಟ, ಅದರ ಮೇಲೆ ಚಿಟ್ಟೆ ಹಿಡಿಯುವ ಹವ್ಯಾಸ ಬೇರೆ ಎಂದು ವರ್ಣಿಸಿದರು. ಬಗೆಬಗೆಯ ಚಿಟ್ಟೆಗಳನ್ನು ಕೂಡಿಟ್ಟಿದ್ದ ಕಪಾಟಿಗೆ ಇಲಿಯೊಂದು ನುಗ್ಗಿ ಎಲ್ಲವನ್ನೂ ತಿಂದು ತೇಗಿತಂತೆ. ಚರ್ಚಿಲ್ ಆ ಇಲಿಯನ್ನು ಹಿಡಿದು ತನ್ನ ನಾಯಿಯಿಂದ ಕೊಲ್ಲಿಸಿದನಂತೆ. ನಾಯಿಯ ಹೆಸರೂ ವಿನ್‌ಸ್ಟನ್ನೇ.

“ಹಾಗಾದರೆ 1953ರಲ್ಲಿ ಸಾಹಿತ್ಯದ ನೊಬೆಲ್ ಬಂದದ್ದು ಇಬ್ಬರಲ್ಲಿ ಯಾರಿಗೆ?” ಎಂದು ವಕೀಲರು ಕೇಳಿದ್ದಕ್ಕೆ ಮೇಷ್ಟ್ರು ಉತ್ತರಿಸಲಿಲ್ಲ. ವಕೀಲರು ಗೆದ್ದ ಹುರುಪಿನಲ್ಲಿ ಮುಂದುವರಿಸಿದರು: “ಓದಿನ ಲೆಕ್ಕ ಬರೆದಿಟ್ಟವನು ಕ್ಲಬ್ಬಿನ ಲೆಕ್ಕ ಮರೆತ. ಬೆಂಗಳೂರು ಕ್ಲಬ್ಬಿನ 1899ರ ಪುಸ್ತಕದಲ್ಲಿ, ವಸೂಲಾಗದ ಬಾಕಿದಾರರ ಪಟ್ಟಿಯಲ್ಲಿ, ಅವನ ಹೆಸರಿನ ಮುಂದೆ 13 ರೂಪಾಯಿ ಇದೆ. ಆ ಪುಸ್ತಕವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುತ್ತಾರೆ.”

ಗಿಬ್ಬನ್‌ಗೂ ಚಿಟ್ಟೆಗೂ ಅಲುಗದ ಸಾಹುಕಾರರು ‘ಬಾಕಿ’ ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ಎದ್ದು ಕುಳಿತರು.

“ತಿಂಗಳಿಗೆ ನೂರಕ್ಕೆ ಎರಡರಂತೆ ಹಿಡಿದರೆ, ವರ್ಷಕ್ಕೆ 3 ರೂಪಾಯಿ 12 ಪೈಸೆ ಬಡ್ಡಿ. ನೂರಿಪ್ಪತ್ತೈದು ವರ್ಷಕ್ಕೆ ಬಡ್ಡಿಯೇ 390 ಆಯಿತು. ಇರಲಿ, ಬಾಕಿ ಪುಸ್ತಕವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಅಂಗಡಿಯದನ್ನೂ ಹಾಗೆಯೇ ಬಾಗಿಲಲ್ಲಿ ಇಡಿಸೋಣ. ಊರಿನ ದೊಡ್ಡ ಓದುಗರೆಲ್ಲ ಅದರಲ್ಲಿದ್ದಾರೆ.”

ಹೋದ ದೀಪಾವಳಿಯ ರೇಷ್ಮೆ ಪಂಚೆಯನ್ನು ಉಟ್ಟೇ ಕುಳಿತಿದ್ದ ವಕೀಲರು ಅದರ ಜರಿಯಂಚನ್ನು ಮೆಲ್ಲಗೆ ಒಳಕ್ಕೆ ಮಡಚಿಕೊಂಡು, “ಮೇಷ್ಟ್ರೇ, ಆ ಗಿಬ್ಬನ್ ಒಟ್ಟು ಎಷ್ಟು ಸಂಪುಟ ಅಂದಿರಿ?” ಎಂದು ಬಹಳ ವಿನಯದಿಂದ ಕೇಳಿದರು.