'ನೆತ್ತಿಗೆ ಹತ್ತುವುದು' ಮತ್ತು ಉಸಿರಿನ ದಾರಿ ಮುಚ್ಚುವುದು: ಎರಡಕ್ಕೂ ಬೇರೆ ಬೇರೆ ಮಾತು ಇದೆಯಾ?

ಎಲ್ಲರಿಗೂ ನಮಸ್ಕಾರ.

ನಮ್ಮೂರ ಅಂಗನವಾಡಿಗೆ ಬರುವ ತಾಯಂದಿರಿಗಾಗಿ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಚಿಕ್ಕ ಮಕ್ಕಳ ಗಂಟಲಿಗೆ ಕಡಲೆಬೀಜವೋ ಹುಣಸೆಬೀಜವೋ ಸಿಕ್ಕಿಕೊಂಡರೆ ಮನೆಯವರು ಆ ಕ್ಷಣಕ್ಕೆ ಏನು ಮಾಡಬೇಕು ಅನ್ನೋದು ವಿಷಯ. ಎರಡು ಪದಗಳಿಗೆ ನಿಮ್ಮ ಸಹಾಯ ಬೇಕು.

ನಮ್ಮ ಹಾಸನದ ಕಡೆ ನೀರು ಕುಡಿಯುವಾಗ ಕೆಮ್ಮು ಬಂದರೆ 'ನೆತ್ತಿಗೆ ಹತ್ತಿತು' ಅಂತೀವಿ. ಯಾರೋ ನೆನೆಸ್ಕೊಳ್ತಿದ್ದಾರೆ ಅಂತ ತಲೆ ಮೇಲೆ ತಟ್ಟುತ್ತೀವಿ. ಮಗು ಜೋರಾಗಿ ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ ಗಾಳಿ ಆಡುತ್ತಿದೆ ಅಂತಲೇ ಅರ್ಥ. ಕೆಮ್ಮಲು ಬಿಡಬೇಕು, ಅಷ್ಟೆ. ಆದರೆ ದಾರಿ ಪೂರ್ತಿ ಮುಚ್ಚಿದಾಗ ಸದ್ದೇ ಇರುವುದಿಲ್ಲ. ಬಾಯಿ ತೆರೆದಿರುತ್ತದೆ, ಅಳು ಹೊರಡುವುದಿಲ್ಲ, ತುಟಿ ನೀಲಿಗಟ್ಟುತ್ತದೆ. ಇದಕ್ಕೂ 'ನೆತ್ತಿಗೆ ಹತ್ತಿದೆ' ಅಂದುಬಿಟ್ಟರೆ ಕೈ ತಾನಾಗಿ ನೆತ್ತಿಗೇ ಹೋಗುತ್ತದೆ, ಅಲ್ವಾ? ನನಗೆ ಭಯ ಇರುವುದು ಇಲ್ಲೇ. ಉಸಿರು ನಿಂತ ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಪೆಟ್ಟು ಬೀಳುತ್ತದೆ.

ಅಚ್ಚಾದ ಬರಹಗಳಲ್ಲಿ 'ಉಸಿರುಗಟ್ಟುವಿಕೆ' ಅಂತಿರುತ್ತದೆ. ಹೊಗೆ ತುಂಬಿದ ಕೋಣೆಗೂ ಅದೇ ಮಾತು. 'ಗಂಟಲು ಕಟ್ಟಿದೆ' ಅಂದರೆ ನೆಗಡಿಯಿಂದ ದನಿ ಕೂತಿದೆ ಅಂದುಕೊಳ್ಳುತ್ತಾರೆ. 'ಗಂಟಲಿಗೆ ಸಿಕ್ಕಿಕೊಂಡಿದೆ' ಎಲ್ಲರ ಬಾಯಲ್ಲಿರುವ ಮಾತೇ. ಆದರೆ ಮೀನಿನ ಮುಳ್ಳು ಚುಚ್ಚಿಕೊಂಡವರೂ ಹಾಗೇ ಹೇಳುತ್ತಾರೆ, ಅವರು ಆರಾಮಾಗಿ ಉಸಿರಾಡುತ್ತಿರುತ್ತಾರೆ. ಸದ್ಯಕ್ಕೆ 'ಉಸಿರಿನ ದಾರಿ ಮುಚ್ಚಿದೆ: ಕೆಮ್ಮಿಲ್ಲ, ಅಳುವಿಲ್ಲ' ಅಂತ ಬರೆದಿದ್ದೇನೆ. ಅರ್ಥ ಸರಿ ಇದೆ. ಆದರೆ ಗಾಬರಿಯಲ್ಲಿ ಯಾರೂ ಹೀಗೆ ಕೂಗುವುದಿಲ್ಲ.

ಎರಡನೆಯದು ಕ್ರಿಯಾಪದದ ಪ್ರಶ್ನೆ. ಒಂದು ವರ್ಷದೊಳಗಿನ ಮಗುವನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಎದೆಗಿಂತ ಕೆಳಗಿರುವ ಹಾಗೆ ಹಿಡಿದು, ಅಂಗೈ ಬುಡದಿಂದ ಬೆನ್ನಿನ ಎರಡು ರೆಕ್ಕೆಮೂಳೆಗಳ ನಡುವೆ 5 ಸಲ ಪೆಟ್ಟು ಕೊಡಬೇಕು. ಹೋಗದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುಮೂಳೆ ಮೇಲೆ 5 ಸಲ ಒತ್ತಬೇಕು. ವಸ್ತು ಹೊರಬರುವ ತನಕ ಹೀಗೇ ಒಂದಾದ ಮೇಲೊಂದು. 'ತಟ್ಟಿ' ಅಂತ ಬರೆದರೆ ಹಾಲು ಕುಡಿಸಿ ತೇಗು ಬರಿಸುವ ಹಾಗೆ ಮೆಲ್ಲಗೆ ತಟ್ಟುತ್ತಾರೆ, ಅದು ಸಾಲದು. 'ಗುದ್ದಿ' ಅಂದರೆ ಮುಷ್ಟಿ ಬಿಗಿಯುತ್ತಾರೆ. 'ಹೊಡೆಯಿರಿ' ಅಂದರೆ ಹೆತ್ತವರ ಕೈ ಏಳುವುದಿಲ್ಲ. 'ಬಲವಾಗಿ ಬಡಿಯಿರಿ' ಹೇಗೆ? ಇದಕ್ಕಿಂತ ಹತ್ತಿರದ ಮಾತು ಯಾರಿಗಾದರೂ ಹೊಳೆದರೆ ಹೇಳಿ.

ಉಳಿದ ಸಾಲುಗಳಿಗೆ ತೊಂದರೆ ಇಲ್ಲ. ಒಂದು ವರ್ಷ ದಾಟದ ಮಗುವಿನ ಹೊಟ್ಟೆ ಒತ್ತಬಾರದು, ಒಳಗಿನ ಅಂಗಗಳಿಗೆ ಪೆಟ್ಟಾಗುತ್ತದೆ. ಕಣ್ಣಿಗೆ ಕಾಣದ್ದನ್ನು ಬೆರಳು ಹಾಕಿ ತೆಗೆಯಲು ಹೋಗಬಾರದು, ಇನ್ನೂ ಒಳಕ್ಕೆ ಹೋಗುತ್ತದೆ. ಜೊತೆಗಿದ್ದವರು ತಕ್ಷಣ 108ಕ್ಕೆ ಫೋನ್ ಮಾಡಬೇಕು. ಮಗು ಜ್ಞಾನ ತಪ್ಪಿ ಉಸಿರಾಡದಿದ್ದರೆ 30 ಸಲ ಎದೆ ಒತ್ತಿ 2 ಸಲ ಬಾಯಿಂದ ಉಸಿರು ಕೊಡುತ್ತಾ ಹೋಗಬೇಕು. ಇವನ್ನೆಲ್ಲ ಓದಿ ಹೇಳಿದಾಗ ತಾಯಂದಿರಿಗೆ ಒಂದೇ ಸಲಕ್ಕೆ ತಿಳಿಯಿತು.

ಧಾರವಾಡ, ಕಲಬುರಗಿ, ಕುಂದಾಪುರದ ಕಡೆಯವರು ಈ ಎರಡು ಸ್ಥಿತಿಗಳಿಗೆ ಏನೇನು ಹೇಳುತ್ತೀರಿ? ನಿಘಂಟಿನ ಪದ ಬೇಡ. ಮನೆಯ ಹಿರಿಯರ ಬಾಯಲ್ಲಿ ಕೇಳಿದ ಮಾತನ್ನೇ, ಊರಿನ ಹೆಸರಿನ ಜೊತೆ ಬರೆದು ಕಳಿಸಿದರೆ ದೊಡ್ಡ ಉಪಕಾರ.